ಬೀಗದ ತೂತಿನಲ್ಲಿ ಕಂಡ ಊರು

ಏಳು ವರ್ಷದ ಹುಡುಗನೊಬ್ಬ ಚರ್ಚಿನ ಬಾಗಿಲಿಗೆ ಮುಖ ಒತ್ತಿ, ಬೀಗದ ತೂತಿಗೆ ಕಣ್ಣಿಟ್ಟು ನಿಂತಿದ್ದಾನೆ. ಊರು ಇಂಗ್ಲೆಂಡಿನ ವಾರ್ವಿಕ್‌ಷೈರ್ ಸೀಮೆಯ ಬಾರ್ಫರ್ಡ್. ಕಾಲ 1830ರ ದಶಕ. ಭಾನುವಾರದ ಪ್ರಾರ್ಥನೆ ಮುಗಿದಿದೆ. ಅಪ್ಪ ಪ್ರಭುಭೋಜನಕ್ಕೆಂದು ಒಳಗೇ ಉಳಿದಿದ್ದಾನೆ. ರೊಟ್ಟಿ, ದ್ರಾಕ್ಷಾರಸ ಹಂಚುವ ಆ ಸಂಸ್ಕಾರದಲ್ಲಿ ಏನು ನಡೆಯುತ್ತದೆಂದು ನೋಡುವ ಆಸೆ ಹುಡುಗನಿಗೆ. ಕಂಡದ್ದು ಇಷ್ಟು: ಮೊದಲು ಊರ ಜಮೀನ್ದಾರ ಎದ್ದು ಹೋಗಿ ಮಂಡಿಯೂರಿದ. ಅವನದಾದ ಮೇಲೆ ದೊಡ್ಡ ಹಿಡುವಳಿಯ ಬೇಸಾಯಗಾರರು. ಆಮೇಲೆ ಅಂಗಡಿಯವರು, ಗಾಡಿ ಚಕ್ರ ಮಾಡುವ ಬಡಗಿ, ಕಮ್ಮಾರ. ಎಲ್ಲರದೂ ಮುಗಿದ ಮೇಲೆ, ಕಟ್ಟಕಡೆಗೆ, ದೊಗಳೆ ನಿಲುವಂಗಿ ತೊಟ್ಟ ಹೊಲದ ಕೂಲಿಗಳು. ಅವರ ಪಕ್ಕದಲ್ಲಿ ಬೇರೆ ಯಾರೂ ಮಂಡಿಯೂರಲಿಲ್ಲ, ಸೋಕಿದರೆ ಮೈಲಿಗೆ ಎನ್ನುವ ಹಾಗೆ. ಅಪ್ಪ ಇದ್ದದ್ದು ಆ ಕೊನೆಯ ಸಾಲಿನಲ್ಲಿ.

ಪಂಕ್ತಿ ಎಂದರೇನು ಎಂಬುದನ್ನು ಎಲೆಯ ಮುಂದೆಯೇ ಕಲಿತ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಡುಗ ಮನೆಗೆ ಓಡಿದ. ದೊಡ್ಡವನಾದ ಮೇಲೆ ನಾನು ಮಾತ್ರ ಅಲ್ಲಿ ಹಾಗೆ ಹೋಗಿ ಮಂಡಿಯೂರುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿಬಿಟ್ಟ.

ಅವನೇ ಜೋಸೆಫ್ ಆರ್ಚ್, 1826ರಲ್ಲಿ ಹುಟ್ಟಿದವನು. ಒಂಬತ್ತನೆಯ ವಯಸ್ಸಿಗೆ ಹೊಲದಲ್ಲಿ ಹಕ್ಕಿ ಓಡಿಸುವ ಕೆಲಸಕ್ಕೆ ಸೇರಿದ. ದಿನಕ್ಕೆ ಹನ್ನೆರಡು ಗಂಟೆ ಕೂಗಾಡಿದರೆ ನಾಲ್ಕು ಪೆನ್ಸ್. 1872ರ ಫೆಬ್ರವರಿ 7ರ ರಾತ್ರಿ ಹತ್ತಿರದ ವೆಲ್ಸ್‌ಬರ್ನ್‌ನಲ್ಲಿ ಚೆಸ್ಟ್‌ನಟ್ ಮರದ ಕೆಳಗೆ, ಹಂದಿ ಕೊಯ್ಯಲು ಬಳಸುತ್ತಿದ್ದ ಮಣೆಯೊಂದರ ಮೇಲೆ ನಿಂತು ಆರ್ಚ್ ಭಾಷಣ ಮಾಡಿದ. ಹುರುಳಿಬಳ್ಳಿ ಹಬ್ಬಿಸುವ ಗಳಗಳಿಗೆ ಲಾಟೀನು ಕಟ್ಟಿ ಜನ ಬೆಳಕು ಹಿಡಿದಿದ್ದರು. ಕೃಷಿ ಕೂಲಿಕಾರರ ರಾಷ್ಟ್ರೀಯ ಸಂಘ ಹುಟ್ಟಿದ್ದು ಅಲ್ಲಿಂದ. 1884ರ ಕಾಯಿದೆ ಹಳ್ಳಿಯ ಕೂಲಿಕಾರ ಗಂಡಸರಲ್ಲಿ ಬಹುಪಾಲಿಗೆ ಮತದ ಹಕ್ಕು ಕೊಟ್ಟಿತು. ಮರುವರ್ಷ ಆರ್ಚ್ ನಾರ್ಫಕ್ ಸೀಮೆಯಿಂದ ಪಾರ್ಲಿಮೆಂಟಿಗೆ ಆರಿಸಿಬಂದ. ಯುವರಾಜನ ಸ್ಯಾಂಡ್ರಿಂಗಮ್ ಅರಮನೆಯೂ ಆ ಕ್ಷೇತ್ರದೊಳಗೇ ಇತ್ತು ಎಂಬುದು ನನಗೆ ಸುಮ್ಮನೆ ಖುಷಿ ಕೊಡುವ ಸಂಗತಿ.

ಬೀಗದ ತೂತಿನ ಪ್ರಸಂಗವನ್ನು ವಿಚಾರವಾದಿಗಳು ತಮ್ಮ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಆರ್ಚ್ ದೇವರನ್ನು ಬಿಡಲಿಲ್ಲ. ಮೆಥೊಡಿಸ್ಟ್ ಪಂಥದ ಬೋಧಕನಾಗಿ ಊರೂರು ತಿರುಗಿದ. ಬಿಟ್ಟದ್ದು ಆ ಸಾಲನ್ನು. ಸಾಲನ್ನು ದೇವರೇ ಹಾಕಿದ್ದು ಎಂಬ ಮಾತನ್ನು ನಂಬಲಿಲ್ಲ, ಅಷ್ಟೆ. ನಂಬಿಸುವ ಪ್ರಯತ್ನವೇನೋ ಜೋರಾಗಿಯೇ ನಡೆದಿತ್ತು. 1848ರಲ್ಲಿ ಸೆಸಿಲ್ ಫ್ರಾನ್ಸಿಸ್ ಅಲೆಕ್ಸಾಂಡರ್ ಎಂಬಾಕೆ ಮಕ್ಕಳಿಗಾಗಿ ಬರೆದ, ಇವತ್ತಿಗೂ ಹಾಡುವ ಒಂದು ಕೀರ್ತನೆಯಲ್ಲಿ, ಸಿರಿವಂತನ ಮಹಲೂ ಬಡವನ ಸ್ಥಿತಿಯೂ ದೇವರ ಏರ್ಪಾಡೇ ಎಂಬರ್ಥದ ನುಡಿಯಿತ್ತು. ಈಗಿನ ಕೀರ್ತನೆ ಪುಸ್ತಕಗಳಲ್ಲಿ ಆ ನುಡಿಯನ್ನು ಸಾಮಾನ್ಯವಾಗಿ ಕೈಬಿಡುತ್ತಾರೆ. ರಾಗ ಹಾಗೇ ಇದೆ.

ನಮ್ಮ ಮಟ್ಟಿಗೆ ಇಂಗ್ಲೆಂಡಿನ ಹಳ್ಳಿ ಎಂದರೆ ಬೇರೆಯೇ ಚಿತ್ರ. ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಮೇಲಿರುತ್ತಿದ್ದ ಹುಲ್ಲು ಹೊದಿಸಿದ ಮನೆ, ಗುಲಾಬಿ ಬಳ್ಳಿ, ಒಂದು ಹಳ್ಳ, ಬಾತುಕೋಳಿ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮಂಥವರು ಕಣ್ಣಿಂದ ನೋಡದ ಹೂವುಗಳ ಹೆಸರನ್ನು ಪದ್ಯದಿಂದ ಬಾಯಿಪಾಠ ಮಾಡಿ ಅಂಕ ಗಳಿಸಿದವರು. ಇಂಗ್ಲಿಷ್ ಪಾಠದಲ್ಲಿ ಗೋಲ್ಡ್‌ಸ್ಮಿತ್‌ನ ಹಳ್ಳಿ ಮೇಷ್ಟರು ಬರುತ್ತಿದ್ದರು. ಗದರುವ, ಒಳಗೆ ಮೃದುವಾದ, ಅಷ್ಟು ಚಿಕ್ಕ ತಲೆಯಲ್ಲಿ ಅಷ್ಟೊಂದು ವಿದ್ಯೆ ಹೇಗೆ ಹಿಡಿಯಿತು ಎಂದು ಊರವರನ್ನು ಬೆರಗುಗೊಳಿಸುವ ಮೇಷ್ಟರು. ಆ ಸಾಲುಗಳು 1770ರಲ್ಲಿ ಬಂದ ಒಂದು ದೀರ್ಘ ಪದ್ಯದಿಂದ ಕತ್ತರಿಸಿ ತೆಗೆದ ತುಂಡು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಇಡೀ ಪದ್ಯ ಇರುವುದೇ ಆ ಊರು ಹೇಗೆ ಹಾಳಾಯಿತು ಎಂಬ ಬಗ್ಗೆ: ಸಿರಿವಂತನೊಬ್ಬ ನೆಲ ನುಂಗಿದ್ದು, ಜನ ಗಂಟುಮೂಟೆ ಕಟ್ಟಿ ಸಮುದ್ರ ದಾಟಿದ್ದು. ಪಠ್ಯಪುಸ್ತಕದವರು ಮೇಷ್ಟರನ್ನು ಇಟ್ಟುಕೊಂಡು ಊರಿನ ತಕರಾರನ್ನು ಹೊರಗೆ ಬಿಟ್ಟಿದ್ದರು.

ಬಾಲ್ಯದ ನೆನಪುಗಳೂ ಬಹುಮಟ್ಟಿಗೆ ಈ ಪಠ್ಯಪುಸ್ತಕದವರ ಕೆಲಸವನ್ನೇ ಮಾಡುತ್ತವೆ ಎಂಬುದು ನನ್ನ ಅನುಮಾನ. ಹತ್ತು ವರ್ಷದವನಿದ್ದಾಗ ತಿಂದ ಹಣ್ಣು ಸಿಹಿ. ಆ ಸಿಹಿ ಹಣ್ಣಿನದೋ, ಹತ್ತು ವರ್ಷದ ನಾಲಗೆಯದೋ? ಬಾಡಿಗೆ ಕಟ್ಟುವುದು, ಸಾಲ ತೀರಿಸುವುದು, ಧಣಿಯ ಮುಂದೆ ಟೊಪ್ಪಿಗೆ ತೆಗೆದು ನಿಲ್ಲುವುದು, ಇವೆಲ್ಲ ಅಪ್ಪನ ಪಾಲಿಗೆ. ಹೊಳೆ ಮತ್ತು ಮರ ಮಗನ ಪಾಲಿಗೆ. ಮಗ ಮುದುಕನಾಗಿ ನಮ್ಮ ಕಾಲ ಚೆನ್ನಾಗಿತ್ತು ಎಂದರೆ ಸುಳ್ಳು ಹೇಳಿದ ಹಾಗಲ್ಲ. ಅವನು ಹೇಳುತ್ತಿರುವುದು ತನ್ನ ಮೊಣಕಾಲಿನ ಬಗ್ಗೆ. ಕೇಳುವವರು ಊರಿನ ಬಗ್ಗೆ ಎಂದುಕೊಳ್ಳುತ್ತಾರೆ.

ಹಾಗೆಂದು ಎಲ್ಲ ಹಳಹಳಿಕೆಯನ್ನೂ ಒಂದೇ ಏಟಿಗೆ ತಳ್ಳಿಹಾಕುವ ಜಾತಿಯ ವೈಚಾರಿಕತೆ ನನಗೆ ಒಗ್ಗುವುದಿಲ್ಲ. ಜಾನ್ ಕ್ಲೇರ್ ಅದಕ್ಕೆ ಅಡ್ಡ ಬರುತ್ತಾನೆ. 1793ರಲ್ಲಿ ನಾರ್ಥ್ಯಾಂಪ್ಟನ್‌ಷೈರ್‌ನ ಹೆಲ್ಪ್‌ಸ್ಟನ್‌ನಲ್ಲಿ ಕೂಲಿಯ ಮಗನಾಗಿ ಹುಟ್ಟಿದ ಕವಿ. ಚಿಕ್ಕವನಿದ್ದಾಗ ಒಂದು ಬೆಳಿಗ್ಗೆ ಅವನು ಪ್ರಪಂಚದ ಅಂಚು ನೋಡಿಕೊಂಡು ಬರಲು ಹೊರಟ. ಊರಾಚೆ ಹಳದಿ ಹೂವಿನ ಮುಳ್ಳುಪೊದೆಗಳು ತುಂಬಿದ ಕುರುಚಲು ಬಯಲಿತ್ತು. ಆಕಾಶ ನೆಲಕ್ಕೆ ತಾಗುವ ಜಾಗ ಅದರ ಆಚೆ ಬದಿಗೇ ಇರಬೇಕು, ಒಂದು ದಿನದ ದಾರಿ ಅಷ್ಟೆ, ಅಂಚಿಗೆ ಹೋಗಿ ಬಗ್ಗಿ ನೋಡಿದರೆ ಕೆಳಗಿನದೆಲ್ಲ ಕಾಣುತ್ತದೆ ಎಂದು ಲೆಕ್ಕ ಹಾಕಿದ್ದ. ನಡೆದ, ನಡೆದ. ಗೊತ್ತಿದ್ದ ಹೂವುಗಳೆಲ್ಲ ಹಿಂದೆ ಉಳಿದವು. ಸೂರ್ಯ ಕೂಡ ಬೇರೆ ದಿಕ್ಕಿನಲ್ಲಿದ್ದಾನೆ ಅನ್ನಿಸಿತು. ಕತ್ತಲಾಗುವಾಗ ಹೇಗೋ ಮನೆ ಸೇರಿದರೆ, ಊರವರು ಹುಡುಗ ಕಳೆದುಹೋದನೆಂದು ಹುಡುಕುತ್ತಿದ್ದರು. ಮಕ್ಕಳ ತರ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ. ಅವನ ಊಹೆ ತಪ್ಪು, ಕ್ರಮ ಸರಿ: ಸಂಶಯ ಬಂದರೆ ಹೋಗಿ ನೋಡಬೇಕು.

ಆ ಬಯಲು ಯಾರ ಸ್ವಂತದ್ದೂ ಅಲ್ಲ ಎಂಬಂತೆ ಎಲ್ಲರೂ ಓಡಾಡಬಹುದಾಗಿತ್ತು, ಹೆಚ್ಚುಕಡಿಮೆ ನಮ್ಮ ಗೋಮಾಳದ ಹಾಗೆ. 1809ರಲ್ಲಿ ಹೆಲ್ಪ್‌ಸ್ಟನ್ನಿನ ನೆಲಕ್ಕೆ ಬೇಲಿ ಹಾಕುವ ಕಾಯಿದೆಯನ್ನು ಪಾರ್ಲಿಮೆಂಟು ಮಾಡಿತು. 1604ರಿಂದ 1914ರವರೆಗೆ ಇಂಥ 5,200ಕ್ಕೂ ಹೆಚ್ಚು ಕಾಯಿದೆಗಳಾದವು. 68 ಲಕ್ಷ ಎಕರೆ ನೆಲ ಹೀಗೆ ಬೇಲಿಯೊಳಗೆ ಹೋಯಿತು. ಬೇಲಿ ಹಾಕಿದ ಮೇಲೆ ಇಳುವರಿ ಹೆಚ್ಚಿತು ಎನ್ನುತ್ತಾರೆ, ಇರಬಹುದು. ಆದರೆ ಹಸು ಮೇಯಿಸುವ, ಸೌದೆ ಆಯುವ, ಅಡ್ಡ ಹಾಯುವ ಸಣ್ಣಪುಟ್ಟ ರೂಢಿಗಳಿಂದಲೇ ಬದುಕುತ್ತಿದ್ದವನಿಗೆ ಸಿಕ್ಕಿದ್ದು ಅತಿಕ್ರಮ ಪ್ರವೇಶ ನಿಷೇಧದ ಹಲಗೆ. ಕ್ಲೇರ್‌ನ ಅಳಲನ್ನು ಬಾಲ್ಯದ ಹಳಹಳಿಕೆ ಎಂದು ಬದಿಗೆ ಸರಿಸಲಾಗದು. ಏನು ಹೋಯಿತು, ಯಾರದು ಹೋಯಿತು, ಯಾವ ಕಾಯಿದೆಯಿಂದ ಹೋಯಿತು ಎಂಬ ಮೂರಕ್ಕೂ ಅವನ ದುಃಖದಲ್ಲಿ ಉತ್ತರವಿದೆ. ಮುಂದೆ ಬುದ್ಧಿ ಕದಡಿ ಎಸೆಕ್ಸ್‌ನ ಹುಚ್ಚಾಸ್ಪತ್ರೆ ಸೇರಿದ ಕ್ಲೇರ್, 1841ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ನಾಲ್ಕು ದಿನ ಎಂಬತ್ತು ಮೈಲಿ ನಡೆದು ಊರಿಗೆ ಬಂದ. ದಾರಿಯಲ್ಲಿ ಹಸಿವಿಗೆ ಹುಲ್ಲು ತಿಂದಿದ್ದ. ಚಿಕ್ಕಂದಿನಲ್ಲಿ ಮೆಚ್ಚಿದ ಹುಡುಗಿ ಮೇರಿ ತನ್ನ ಹೆಂಡತಿ, ಮನೆಯಲ್ಲಿ ಕಾಯುತ್ತಿದ್ದಾಳೆ ಎಂಬ ಭ್ರಮೆ. ಅವಳು ಸತ್ತು ಮೂರು ವರ್ಷವಾಗಿತ್ತು.

ಹಳ್ಳಿಯ ಬಾಲ್ಯವನ್ನು ಪುಸ್ತಕ ಮಾಡಿದವರಲ್ಲಿ ಹೆಚ್ಚಿನವರು ಹಳ್ಳಿ ಬಿಟ್ಟವರೇ. ಉಳಿದವರಿಗೆ ಬರೆಯಲು ಪುರುಸೊತ್ತಿರಲಿಲ್ಲ. ಅವರ ಮಾತನ್ನು ಬೇರೆಯವರು ಬಂದು ಕೇಳಿ ಬರೆದುಕೊಳ್ಳಬೇಕಾಯಿತು: ಸಫಕ್‌ನ ಬ್ಲಾಕ್ಸ್‌ಹಾಲ್‌ನಲ್ಲಿ ಮುದುಕರ ಮಾತು ದಾಖಲಿಸಿ 1956ರಲ್ಲಿ ಪುಸ್ತಕ ತಂದ ಜಾರ್ಜ್ ಇವಾರ್ಟ್ ಇವಾನ್ಸ್ ವೇಲ್ಸ್‌ನಿಂದ ಬಂದವನು, ಸಾಲದ್ದಕ್ಕೆ ಕಿವಿ ಮಂದ.

ಬಿಟ್ಟುಹೋಗಿಯೂ ಲೆಕ್ಕ ತಪ್ಪದೆ ಬರೆದವಳು ಫ್ಲೋರಾ ಥಾಂಪ್ಸನ್. ಆಕ್ಸ್‌ಫರ್ಡ್‌ಷೈರ್‌ನ ಜುನಿಪರ್ ಹಿಲ್ ಎಂಬ ಮೂವತ್ತು ಮನೆಗಳ ಕೊಂಪೆಯಲ್ಲಿ 1876ರಲ್ಲಿ ಹುಟ್ಟಿ, ಅರವತ್ತು ದಾಟಿದ ಮೇಲೆ, 1939ರಲ್ಲಿ 'ಲಾರ್ಕ್ ರೈಸ್' ಪ್ರಕಟಿಸಿದಳು. ಊರಿನ ಕೂಲಿ ವಾರಕ್ಕೆ ಹತ್ತು ಶಿಲಿಂಗ್ ಎಂಬುದನ್ನು ಆಕೆ ಮರೆಯಲು ಬಿಡುವುದಿಲ್ಲ. ಸ್ಕೂಲಿಗೆ ಒಂದೂವರೆ ಮೈಲಿ. ಚಳಿಗಾಲದಲ್ಲಿ ಕೆಲವು ಮಕ್ಕಳು, ರಾತ್ರಿಯೆಲ್ಲ ಬೂದಿಯಲ್ಲಿ ಹುದುಗಿಟ್ಟ ಎರಡು ಆಲೂಗಡ್ಡೆಗಳನ್ನು ಬಿಸಿಬಿಸಿಯಾಗಿ ಕೈಯಲ್ಲಿ ಹಿಡಿದು ಹೊರಡುತ್ತಿದ್ದರು. ದಾರಿಯುದ್ದಕ್ಕೂ ಅವು ಕೈ ಕಾಯಿಸುತ್ತಿದ್ದವು. ಸ್ಕೂಲು ತಲುಪಿದ ಮೇಲೆ ಅವೇ ತಿಂಡಿ. ಈ ಆಲೂಗಡ್ಡೆಯನ್ನು ನಾನು ಎರಡು ಬಗೆಯಲ್ಲೂ ಓದಿದ್ದೇನೆ. ಎಷ್ಟು ಚೆಂದ ಎನ್ನಬಹುದು, ಚೆಂದವೇ. ಆ ಮಕ್ಕಳಿಗೆ ಕೈಚೀಲವಾಗಲಿ ಬುತ್ತಿಯಾಗಲಿ ಇರಲಿಲ್ಲ ಎಂದೂ ಓದಬಹುದು. ಥಾಂಪ್ಸನ್ ಎರಡರಲ್ಲಿ ಒಂದನ್ನು ಆರಿಸಿಕೊಡುವುದಿಲ್ಲ.

ಕೊಯ್ಲು ಮುಗಿದ ಹೊಲದಲ್ಲಿ ಹೆಂಗಸರು ಮಕ್ಕಳು ಹಕ್ಕಲು ಆಯುವುದನ್ನೂ ಆಕೆ ಹೀಗೆಯೇ ಬರೆಯುತ್ತಾಳೆ. ಸಾಲಾಗಿ ಬಗ್ಗಿ, ಬಿದ್ದ ತೆನೆಗಳನ್ನು ಒಂದೊಂದಾಗಿ ಎತ್ತಿ ಹಿಡಿ ಕಟ್ಟುವುದು. ಎರಡು ಮೂರು ವಾರ ದುಡಿದರೆ ಗಿರಣಿಗೆ ಹಾಕುವಷ್ಟು ಗೋಧಿ. ಗಿರಣಿಯವನು ಕೂಲಿಯ ಬದಲು ಒಂದಿಷ್ಟು ಹಿಟ್ಟು ಹಿಡಿದುಕೊಳ್ಳುತ್ತಿದ್ದ. ಉಳಿದ ಹಿಟ್ಟಿನ ಮೂಟೆಯನ್ನು ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂರಿಸುತ್ತಿದ್ದರು. ಹೌದು, ಕುರ್ಚಿಯ ಮೇಲೆ, ಬೀಗರನ್ನು ಕೂರಿಸುವ ಹಾಗೆ. ದಾರಿಹೋಕರು ಬಾಗಿಲಲ್ಲಿ ನಿಂತು ನೋಡಿ ಮೆಚ್ಚಿ ಹೋಗಲಿ ಎಂದು. ಇದು ಬಡತನದ ಚಿತ್ರವೇ? ಹೌದು. ಸಂಭ್ರಮದ ಚಿತ್ರವೇ? ಅದೂ ಹೌದು. ಹಕ್ಕಲಾಯುವವರ ಮಾತು ಬೈಬಲಿನ ರೂತಳ ಕಾಲದಿಂದ ಇದೆ. ಆದರೂ 1788ರಲ್ಲಿ, ಸಫಕ್‌ನ ಟಿಮ್‌ವರ್ತ್‌ನಲ್ಲಿ ಹಕ್ಕಲು ಆಯ್ದ ಮೇರಿ ಹೌಟನ್ ಎಂಬಾಕೆಯ ಮೇಲಿನ ಮೊಕದ್ದಮೆಯಲ್ಲಿ, ದೇಶದ ಸಾಮಾನ್ಯ ಕಾನೂನಿನಂತೆ ಬಡವರಿಗೆ ಅಂಥ ಹಕ್ಕೇ ಇಲ್ಲವೆಂದು ನ್ಯಾಯಾಲಯ ತೀರ್ಪು ಕೊಟ್ಟಿತು. ತೀರ್ಪಿನ ಮೇಲೂ ಹೆಂಗಸರು ಆಯುತ್ತಲೇ ಇದ್ದರು. ಹಕ್ಕಾಗಿದ್ದದ್ದು ಕಾಗದದ ಮೇಲೆ ದಯೆಯಾಯಿತು, ಅಷ್ಟೆ. ದಯೆಯನ್ನು ಯಾವತ್ತು ಬೇಕಾದರೂ ಹಿಂತೆಗೆದುಕೊಳ್ಳಬಹುದು.

ಆರ್ಚ್‌ನ ತಾಯಿಗೆ ಇದು ಚೆನ್ನಾಗಿ ಗೊತ್ತಿತ್ತು. ಬಾರ್ಫರ್ಡ್‌ನ ಪಾದ್ರಿಯ ಹೆಂಡತಿ ಒಮ್ಮೆ ಅಪ್ಪಣೆ ಹೊರಡಿಸಿದಳಂತೆ: ಕೂಲಿಗಳ ಹೆಣ್ಣುಮಕ್ಕಳ ಕೂದಲನ್ನು ತಲೆಗೆ ಬೋಗುಣಿ ಕವುಚಿದ ಹಾಗೆ ದುಂಡಗೆ ಕತ್ತರಿಸಬೇಕು. ಆ ತಾಯಿ ತನ್ನ ಹೆಣ್ಣುಮಕ್ಕಳ ತಲೆ ಮುಟ್ಟಗೊಡಲಿಲ್ಲ. ಜಗಳ ಗೆದ್ದಳು, ಪಾದ್ರಿಯ ಮನೆಯಿಂದ ಬಡವರಿಗೆ ಬರುತ್ತಿದ್ದ ಸೂಪು, ಕಲ್ಲಿದ್ದಲು ಮಾತ್ರ ಆ ಮನೆಯ ಬಾಗಿಲಿಗೆ ಬರಲಿಲ್ಲ. ಮೂರು ಪೀಳಿಗೆಯ ಮೇಲೂ ಇದೇ ಕಥೆ. ನಾರ್ಫಕ್‌ನ ಬರ್ಸ್ಟನ್‌ನಲ್ಲಿ ಕಿಟ್ಟಿ ಮತ್ತು ಟಾಮ್ ಹಿಗ್ಡನ್ ಎಂಬ ಮೇಷ್ಟರ ದಂಪತಿ ಊರ ದೊಡ್ಡವರ ಕಣ್ಣಿಗೆ ಬೇಡವಾದರು, ಟಾಮ್ ಕೂಲಿಗಳ ಸಂಘ ಕಟ್ಟುತ್ತಿದ್ದ ಕಾರಣ. ಕಿಟ್ಟಿಯ ಮೇಲೆ ಬಂದ ದೂರುಗಳಲ್ಲಿ ಒಂದು: ಮಳೆಯಲ್ಲಿ ನೆನೆದು ಬಂದ ಮಕ್ಕಳ ಬಟ್ಟೆ ಒಣಗಿಸಲು ಅಪ್ಪಣೆಯಿಲ್ಲದೆ ಬೆಂಕಿ ಹಾಕಿದಳು. ಇಬ್ಬರನ್ನೂ ಕೆಲಸದಿಂದ ತೆಗೆದರು. 1914ರ ಏಪ್ರಿಲ್ 1ರಂದು 72 ಮಕ್ಕಳಲ್ಲಿ 66 ಮಂದಿ ಸ್ಕೂಲು ಬಿಟ್ಟು ಮೆರವಣಿಗೆ ಹೊರಟರು. ಮೊದಲು ಊರ ಬಯಲಲ್ಲಿ, ಆಮೇಲೆ ಬಡಗಿಯ ಕೊಟ್ಟಿಗೆಯಲ್ಲಿ ಪಾಠ ನಡೆಯಿತು. 1917ರಲ್ಲಿ ಜನರ ಚಂದಾಹಣದಿಂದ ಅವರದೇ ಸ್ಕೂಲು ಎದ್ದು 1939ರವರೆಗೆ ನಡೆಯಿತು. ಬಾಲ್ಯ ಎಂದರೆ ಮುಗ್ಧತೆ ಎನ್ನುವವರು ಆ 66 ಜನರನ್ನು ಯಾವ ಖಾನೆಗೆ ಹಾಕುತ್ತಾರೋ.

ಇಷ್ಟೆಲ್ಲ ಧಣಿ, ಪಾದ್ರಿಗಳ ಮಾತಾಯಿತು. ಬಡವರು ಬಡವರಿಗೆ ಒಳ್ಳೆಯವರಾಗಿದ್ದರೇ ಎಂದು ಕೇಳಿದರೆ ಲಾರಿ ಲೀಯ ಬಳಿ ಹೋಗಬೇಕು. 1914ರಲ್ಲಿ ಹುಟ್ಟಿ, ಮೂರು ವರ್ಷದವನಿದ್ದಾಗ ಗ್ಲಾಸ್ಟರ್‌ಷೈರ್‌ನ ಸ್ಲಾಡ್ ಕಣಿವೆಗೆ ಬಂದವನು. ಗಾಡಿಯಿಂದ ಇಳಿಸಿ ಬಿಟ್ಟ ಜಾಗದಲ್ಲಿ ಹುಲ್ಲು ತನಗಿಂತ ಎತ್ತರವಿದ್ದು, ಕಳೆದುಹೋದೆನೆಂದು ಅತ್ತದ್ದೇ ಅವನ 1959ರ ಪುಸ್ತಕ 'ಸೈಡರ್ ವಿತ್ ರೋಸಿ'ಯ ಮೊದಲ ನೆನಪು. ಕಾಲ ಕಳೆದಂತೆ ಕೆಲವು ಸಂಗತಿಗಳು ತಿರುಚಿರಬಹುದು ಎಂದು ಅವನೇ ಆರಂಭದಲ್ಲಿ ಎಚ್ಚರಿಸಿದ್ದಾನೆ, ಆದ್ದರಿಂದ ಅದು ಕೋರ್ಟಿನ ಸಾಕ್ಷ್ಯವಲ್ಲ. ಆ ಪುಸ್ತಕವನ್ನು ಜನ ಹಣ್ಣಿನ ಮದ್ಯ, ಹುಲ್ಲಿನ ಬಣವೆ, ಮೊದಲ ಮುತ್ತು ಎಂದು ನೆನೆಯುತ್ತಾರೆ. ಅದರೊಳಗೆ ಒಂದು ಕೊಲೆಯೂ ಇದೆ. ನ್ಯೂಜಿಲೆಂಡಿನಲ್ಲಿ ದುಡ್ಡು ಮಾಡಿ ಬಂದವನೊಬ್ಬ ಹೆಂಡದಂಗಡಿಯಲ್ಲಿ ಊರವರನ್ನು ಹಂಗಿಸಿದ. ಊರಿನ ಹುಡುಗರು ರಾತ್ರಿ ಅವನನ್ನು ಹೊಡೆದು ಹಿಮದಲ್ಲಿ ಬಿಟ್ಟರು. ಯಾರು ಹೊಡೆದರೆಂದು ಎಲ್ಲರಿಗೂ ಗೊತ್ತು. ಪೊಲೀಸರಿಗೆ ಯಾರೂ ಹೇಳಲಿಲ್ಲ. ಹಳ್ಳಿಯ ಒಗ್ಗಟ್ಟು ಎಂದು ನಾವು ಹಾಡಿ ಹೊಗಳುವುದಕ್ಕೆ ಈ ಮುಖವೂ ಇದೆ.

ನನ್ನನ್ನು ಇನ್ನೂ ಹೆಚ್ಚು ಕಾಡಿದವರು ಆ ಪುಸ್ತಕದ ಮುದಿ ದಂಪತಿ, ಜೋಸೆಫ್ ಮತ್ತು ಹ್ಯಾನಾ ಬ್ರೌನ್. ಬಹುಕಾಲ ಒಂದೇ ಮನೆಯಲ್ಲಿ ಬಾಳಿದವರು. ಇಬ್ಬರೂ ಒಟ್ಟಿಗೆ ಕೃಶರಾದಾಗ ಊರ ಹಿತೈಷಿಗಳು ಒಳ್ಳೆಯ ಮನಸ್ಸಿನಿಂದಲೇ ಅವರನ್ನು ನಿರ್ಗತಿಕರನ್ನು ಇರಿಸುವ ವರ್ಕ್‌ಹೌಸಿಗೆ ಸೇರಿಸಿದರು. ಅಲ್ಲಿ ಗಂಡಸರ ಭಾಗ ಬೇರೆ, ಹೆಂಗಸರ ಭಾಗ ಬೇರೆ. ಒಂದು ವಾರದೊಳಗೆ ಇಬ್ಬರೂ ಸತ್ತರು. ಅರವತ್ತು ದಾಟಿದ ಗಂಡಹೆಂಡತಿಯನ್ನು ಬಲವಂತವಾಗಿ ಬೇರೆ ಮಾಡಬಾರದೆಂದು 1847ರಲ್ಲೇ ಕಾಯಿದೆಯಾಗಿತ್ತು. ಲೀ ಹೇಳುವ ಕಾಲ ಅದಾದ ಸುಮಾರು ಎಪ್ಪತ್ತೈದು ವರ್ಷದ ಮೇಲಿನದು. ಅವರನ್ನು ಯಾರೂ ದ್ವೇಷಿಸಲಿಲ್ಲ. ಅವರಿಗೆ ಏನು ಬೇಕೆಂದು ಯಾರೂ ಕೇಳಲಿಲ್ಲ.

ವರ್ಕ್‌ಹೌಸಿನ ಹೆದರಿಕೆ ಎಂಥದೆಂದು ತಿಳಿಯಲು 1909ರ ಜನವರಿ 1ಕ್ಕೆ ಹಿಂದಿರುಗಬೇಕು. ಎಪ್ಪತ್ತು ತುಂಬಿದ ಬಡವರಿಗೆ ವಾರಕ್ಕೆ ಐದು ಶಿಲಿಂಗ್‌ವರೆಗೆ ಪಿಂಚಣಿ ಅಂದಿನಿಂದ ಶುರುವಾಯಿತು. ಹಣ ಬಟವಾಡೆ ಅಂಚೆ ಕಚೇರಿಯಲ್ಲಿ. ಫ್ಲೋರಾ ಥಾಂಪ್ಸನ್ ಆಗ ಮದುವೆಯಾಗಿ ಬೋರ್ನ್‌ಮತ್‌ನಲ್ಲಿದ್ದಳು. ಚಿಕ್ಕಂದಿನಿಂದ ಅಂಚೆ ಕಚೇರಿಯಲ್ಲೇ ಕೆಲಸ ಮಾಡಿದವಳಾದ್ದರಿಂದ ಗಲ್ಲಾದ ಎರಡೂ ಬದಿ ಗೊತ್ತು. ಆಕೆ ಬರೆಯುವ ಪ್ರಕಾರ, ಮೊದಮೊದಲು ಹಣ ಎಣಿಸಿಕೊಳ್ಳುವಾಗ ಕೆಲವು ಮುದುಕರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆ ಲಾರ್ಡ್ ಜಾರ್ಜ್ ಚೆನ್ನಾಗಿರಲಿ ಎಂದು ಹರಸುತ್ತಿದ್ದರು. ಖಜಾನೆ ಮಂತ್ರಿ ಲಾಯ್ಡ್ ಜಾರ್ಜ್ ಪ್ರಭುವಲ್ಲ, ಬರಿಯ ಮಿಸ್ಟರ್. ತಂದೆ ಸ್ಕೂಲ್ ಮೇಷ್ಟರು, ಬೆಳೆಸಿದ್ದು ಚಮ್ಮಾರಿಕೆಯ ಸೋದರಮಾವ. ಆದರೆ ಇಷ್ಟು ಕೊಡುವವನು ಬರಿಯ ಮಿಸ್ಟರ್ ಇದ್ದಾನು ಎಂದು ಅವರಿಗೆ ನಂಬಿಕೆಯೇ ಬರಲಿಲ್ಲ. ಎಪ್ಪತ್ತು ವರ್ಷ ಕೊನೆಯ ಸಾಲಿನಲ್ಲಿ ಮಂಡಿಯೂರಿದವರು.

ಮುಂದಿನ ವಾರ ಬರುವಾಗ ಅವರು ಕೈತೋಟದ ಹೂವು, ತಮ್ಮ ಮರದ ಸೇಬು ತರುತ್ತಿದ್ದರಂತೆ, ಗಲ್ಲಾದ ಹಿಂದಿನಿಂದ ಹಣ ಎಣಿಸಿ ಕೊಟ್ಟ ಹುಡುಗಿಗೆ.